ನೂರು ಕಿಲೋಮೀಟರಿನ ಪಾಸು

ನಮ್ಮೂರಿನಲ್ಲಿ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮೀಸೆ ಚಿಗುರಿದ ಹುಡುಗರ ಮೇಲೆ ಊರು ಇಡುವ ಕಣ್ಣು ನನ್ನ ಮೇಲೆ ಬೀಳಲೇ ಇಲ್ಲ. ಯಾವ ಹುಡುಗಿಯ ಹಿಂದೆ ಸುತ್ತುತ್ತಾನೆ, ರಾತ್ರಿ ಯಾರ ಹತ್ತಿರ ಫೋನಿನಲ್ಲಿ ಮಾತಾಡುತ್ತಾನೆ ಎಂದು ನನ್ನ ಅಣ್ಣನ ಬಗ್ಗೆ ಕೆದಕಿ ಕೇಳುತ್ತಿದ್ದ ಅತ್ತೆಯಂದಿರು ನನ್ನ ವಿಷಯ ಬಂದರೆ 'ತಮ ಊಟ ಮಾಡಿದ್ನಾ?' ಎಂದು ಕೇಳಿ ಸುಮ್ಮನಾಗುತ್ತಿದ್ದರು. ಪೋಲಿಯೊ ಆದ ಹುಡುಗನಿಗೆ ಹಸಿವು, ನಿದ್ದೆ, ಓದು ಇಷ್ಟೇ ಇರುತ್ತದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಆ ತೀರ್ಮಾನದ ಮರೆಯಲ್ಲಿ ನಾನು ಗಂಡಸರನ್ನು ಬಯಸುತ್ತ ಬೆಳೆದೆ. ಮರೆ ಸಿಕ್ಕಿತಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಬೆಂಗಳೂರಿನ ಗೆಳೆಯರು ಹೇಳುವುದುಂಟು. ನನಗೆ ಹಾಗನ್ನಿಸಿಲ್ಲ. ನಿನ್ನ ಬಯಕೆ ತಪ್ಪು ಎಂದು ಬೈಸಿಕೊಂಡವನು ತಿರುಗಿ ವಾದವನ್ನಾದರೂ ಮಾಡಬಹುದು. ನಿನಗೆ ಬಯಕೆಯೇ ಇಲ್ಲ ಎಂದು ಪ್ರೀತಿಯಿಂದ ತಲೆ ಸವರುವವರ ಹತ್ತಿರ ಏನೆಂದು ವಾದಿಸುವುದು?

ನಾನು ಹುಟ್ಟಿದ್ದು 1989ರಲ್ಲಿ, ಹೊನ್ನಾವರದಿಂದ ಸ್ವಲ್ಪ ಒಳಗೆ, ಶರಾವತಿಯ ದಡದಲ್ಲಿ. ಎರಡು ವರ್ಷ ತುಂಬುವ ಮೊದಲು ಜ್ವರ ಬಂತು. ಜ್ವರ ಬಿಟ್ಟಾಗ ಎಡಗಾಲು ಏಳಲಿಲ್ಲ. ದೇಶದಾದ್ಯಂತ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಾಗ ನಾನು ಆಫೀಸಿನಲ್ಲಿ ಕೂತು ಆ ಸುದ್ದಿ ಓದಿದೆ. ನನ್ನಂಥ ಕಾಲಿನವರ ಸಾಲು ನನ್ನ ತಲೆಮಾರಿನ ಆಸುಪಾಸಿನಲ್ಲೇ ಮುಗಿಯುತ್ತದೆ ಎಂದು ತಿಳಿದು ಮನಸ್ಸು ತುಂಬಿ ಬಂತು.

ಕ್ಯಾಲಿಪರ್ ನೋಡದವರಿಗಾಗಿ ಹೇಳುತ್ತೇನೆ. ತೊಡೆಯಿಂದ ಬೂಟಿನವರೆಗೆ ಎರಡು ಉಕ್ಕಿನ ಪಟ್ಟಿ, ತೊಡೆಗೂ ಮೀನಖಂಡಕ್ಕೂ ಚರ್ಮದ ಬೆಲ್ಟು, ಮಂಡಿಯ ಎರಡೂ ಬದಿಗೆ ಒಂದೊಂದು ಉಂಗುರದ ಲಾಕು. ಎದ್ದು ನಿಂತಾಗ ಉಂಗುರ ಕೆಳಕ್ಕೆ ಜಾರಿ ಮಂಡಿಯನ್ನು ನೆಟ್ಟಗೆ ಹಿಡಿಯುತ್ತದೆ. ಕೂರಬೇಕೆಂದರೆ ಬೆರಳಿನಿಂದ ಅದನ್ನು ಮೇಲಕ್ಕೆತ್ತಬೇಕು. ಮಳೆಗಾಲದಲ್ಲಿ ಚರ್ಮಕ್ಕೆ ಬಿಳಿ ಬೂಸ್ಟು ಹಿಡಿಯುತ್ತದೆ. ಅಮ್ಮ ಅದನ್ನು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಬಚ್ಚಲ ಒಲೆಯ ಬಿಸಿ ತಾಗುವಷ್ಟು ದೂರದಲ್ಲಿ ಒರಗಿಸಿಡುತ್ತಿದ್ದಳು. ಹೀಗೆ ನನ್ನ ಕಾಲು ಮನೆಯವರೆಲ್ಲರ ಕೆಲಸವಾಗಿತ್ತು. ಡಾಕ್ಟರು, ಮಾಲೀಸಿನ ಅಜ್ಜಿ, ಕ್ಯಾಲಿಪರ್ ಅಳತೆ ತೆಗೆಯುವವನು ಎಲ್ಲರೂ ಮುಟ್ಟುತ್ತಿದ್ದರು. ಇಷ್ಟಪಟ್ಟು ಮುಟ್ಟಿದವರು ಯಾರೂ ಇರಲಿಲ್ಲ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪೋಲಿಯೊ ಕಾಲಿನ ಚಲನೆಯನ್ನು ಕಸಿಯುತ್ತದೆ, ಸ್ಪರ್ಶವನ್ನು ಕಸಿಯುವುದಿಲ್ಲ. ನನ್ನ ಎಡಗಾಲು ಸಣಕಲು, ಚಳಿಗೆ ಬೇಗ ತಣ್ಣಗಾಗುತ್ತದೆ; ಆದರೆ ಇರುವೆ ಹರಿದರೂ ಗೊತ್ತಾಗುತ್ತದೆ, ಉಸಿರು ತಾಗಿದರೂ ಗೊತ್ತಾಗುತ್ತದೆ.

ನಮ್ಮದು ಯಕ್ಷಗಾನದ ತಾಲೂಕು. ಗುಣವಂತೆಯ ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಆಟವಿದ್ದ ರಾತ್ರಿ ಅಣ್ಣ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ, ರಂಗಸ್ಥಳದ ಮುಂದೆಯೇ ಚಾಪೆ ಹಾಸಿ ಕೂರಿಸುತ್ತಿದ್ದ. ನನಗೆ ಬೇಕಾಗಿದ್ದದ್ದು ಅಭಿಮನ್ಯು, ಬಭ್ರುವಾಹನರ ಪ್ರವೇಶ. ಚಂಡೆಯ ಏರಿಗೆ ವೇಷಧಾರಿ ಮಂಡಿಯೂರಿ ರಂಗದ ತುಂಬ ಗಿರಗಿರನೆ ಸುತ್ತುವ ಮಂಡಿಕುಣಿತ ಬಡಗುತಿಟ್ಟಿನವರ ಹೆಮ್ಮೆ. ಬೇರೆ ಮಕ್ಕಳು ಸುತ್ತು ಎಣಿಸುತ್ತಿದ್ದರು. ನಾನು ಆ ಮಂಡಿಗಳನ್ನೇ ನೋಡುತ್ತಿದ್ದೆ. ಆಟ ಮುಗಿದ ಮೇಲೆ ಚೌಕಿಯ ಹತ್ತಿರ ಬಣ್ಣ ಒರೆಸಿಕೊಳ್ಳುತ್ತ, ಬೆವರಿನಲ್ಲಿ ತೊಯ್ದ ಆ ಕಲಾವಿದನನ್ನು ಒಮ್ಮೆ ಬಹಳ ಹತ್ತಿರದಿಂದ ನೋಡಿದೆ. ಮನೆಗೆ ಬಂದು ನಿದ್ದೆ ಬರಲಿಲ್ಲ. ಆ ಕಾಲು ನನಗೆ ಬೇಕಿತ್ತೋ, ಆ ಕಾಲಿನವನು ನನಗೆ ಬೇಕಿತ್ತೋ? ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಎರಡೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಗಂಡಸರನ್ನು ಬಯಸುವ ಎಲ್ಲ ಹುಡುಗರಿಗೂ 'ಅವನಂತೆ ಆಗಬೇಕು', 'ಅವನೇ ಬೇಕು' ಇವೆರಡರ ನಡುವೆ ಗೊಂದಲ ಇರಬಹುದು. ನನ್ನಂಥವನಿಗೆ ಆ ಗೊಂದಲ ಕಾಲಿನಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳಲು ವರ್ಷಗಳೇ ಬೇಕಾದವು.

ಕಾಲೇಜು ಕುಮಟಾದಲ್ಲಿ. ಅಂಗವಿಕಲರಿಗೆ ಕೊಡುವ ಬಸ್ ಪಾಸು ಆಗ ಕೈಗೆ ಬಂತು. ಮನೆಯಿಂದ 100 ಕಿಲೋಮೀಟರ್ ದೂರದವರೆಗೆ ಅದು ನಡೆಯುತ್ತದೆ. ಹೊನ್ನಾವರದಿಂದ ಕುಮಟಾಕ್ಕೆ 20 ಕಿಲೋಮೀಟರ್, ಭಟ್ಕಳಕ್ಕೆ 40ರ ಆಸುಪಾಸು. ಉತ್ತರಕ್ಕೆ ಅಂಕೋಲಾ, ಕಾರವಾರ. ನನ್ನ ಪ್ರೀತಿಯ ಭೂಗೋಳವೆಲ್ಲ ಆ ಪಾಸಿನ ಒಳಗೇ ಇದೆ. ಬೆಂಗಳೂರಿನಲ್ಲಿ 1994ರಿಂದಲೇ 'ಗುಡ್ ಆ್ಯಸ್ ಯು' ಎಂಬ ಸಲಿಂಗಿಗಳ ಗುಂಪು ಸೇರುತ್ತಿತ್ತು, 1999ರಲ್ಲಿ 'ಸಂಗಮ' ಸಂಸ್ಥೆ ಶುರುವಾಯಿತು, 2008ರಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅವೆಲ್ಲ ಪಾಸಿನ ಹೊರಗಿದ್ದವು. ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ 377ನೇ ಕಲಮಿನಡಿ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಕೊಟ್ಟ ತೀರ್ಪನ್ನು ಮರುದಿನ ಪತ್ರಿಕೆಯಲ್ಲಿ ಓದಿದಾಗ, ಇಡೀ ವಾಚನಾಲಯಕ್ಕೆ ನನ್ನ ಎದೆಬಡಿತ ಕೇಳುತ್ತಿದೆ ಅನ್ನಿಸಿತು. ಪತ್ರಿಕೆ ಮಡಿಸಿಟ್ಟು, ಲಾಕು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿಗೆ ನಡೆದೆ. ಹೇಳಲು ಯಾರೂ ಇರಲಿಲ್ಲ.

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' ಬಂದಿತ್ತು. ಕನ್ನಡದ ಗಂಡಸೊಬ್ಬ ಕನ್ನಡದಲ್ಲೇ ಇನ್ನೊಬ್ಬ ಗಂಡಸಿಗಾಗಿ ಹಂಬಲಿಸುವುದನ್ನು ಅದರಲ್ಲಿ ಮೊದಲ ಸಲ ಓದಿದೆ. ಒಂದು ಕಡೆ ಕಾನೂನು ನನ್ನನ್ನು ಮತ್ತೆ ಅಪರಾಧಿ ಮಾಡಿತು, ಇನ್ನೊಂದು ಕಡೆ ನನ್ನ ಭಾಷೆ ನನ್ನನ್ನು ಗುರುತು ಹಿಡಿಯಿತು. ಎರಡನೆಯದೇ ನನ್ನನ್ನು ಉಳಿಸಿತು ಎಂದು ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಹೇಳುತ್ತೇನೆ.

ಆ ಹೊತ್ತಿಗೆ ಹೊನ್ನಾವರದ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು, ಫೋನಿಗೆ ಇಂಟರ್‌ನೆಟ್ಟೂ ಬಂದಿತ್ತು. ಪ್ಲಾನೆಟ್‌ರೋಮಿಯೊ, ಆಮೇಲೆ ಗ್ರೈಂಡರ್: ಗಂಡಸರನ್ನು ಬಯಸುವ ಗಂಡಸರ ಆ್ಯಪುಗಳು. ಇಂಥ ಆ್ಯಪುಗಳು ದೂರದ ಲೆಕ್ಕದಲ್ಲಿ ಜನರನ್ನು ಸಾಲಾಗಿ ತೋರಿಸುತ್ತವೆ. ನಗರದಲ್ಲಿ ಮೀಟರುಗಳ ಲೆಕ್ಕ. ನಮ್ಮಲ್ಲಿ ಮುಖವಿಲ್ಲದ ನಾಲ್ಕಾರು ಚೌಕ, ಅದರಾಚೆ ನೇರ ಮಡಗಾಂವ್, ಮಂಗಳೂರು. ಫೋಟೊ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಇನ್ನೊಂದು ಚಿಂತೆ ಜೊತೆಗಿತ್ತು, ಕಾಲಿನ ವಿಷಯ ಯಾವಾಗ ಹೇಳುವುದು? ಮೊದಲ ಮಾತಿಗೇ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಭೇಟಿಯ ಹೊತ್ತಿಗೆ ಹೇಳಿದರೆ, ಬಸ್ಸಿಳಿಯುವ ನನ್ನನ್ನು ದೂರದಿಂದಲೇ ನೋಡಿ ಬೈಕು ತಿರುಗಿಸಿಕೊಂಡು ಹೋದವರೂ ಇದ್ದರು. ಕೊನೆಗೆ ಪ್ರೊಫೈಲಿನಲ್ಲೇ ಬರೆದೆ: ಎಡಗಾಲಿಗೆ ಪೋಲಿಯೊ, ಕ್ಯಾಲಿಪರ್ ಹಾಕುತ್ತೇನೆ, ಯಕ್ಷಗಾನ ಇಷ್ಟ.

ಹಾಗೆ ಬರೆದ ಮೇಲೆ ಬಂದವರು ಹಲವು ಬಗೆ. 'ಬಾಕಿ ಎಲ್ಲ ಸರಿ ಇದೆಯಾ?' ಎಂದು ನೇರವಾಗಿ ಕೇಳಿದವರು. ಉಕ್ಕು, ಚರ್ಮಗಳ ಮೇಲೇ ಮೋಹವಿದ್ದು, ನನ್ನ ಹೆಸರು ಕೂಡ ಕೇಳದವರು. ನನ್ನನ್ನು ಅಪ್ಪಿಕೊಂಡು ಅತ್ತವನೊಬ್ಬ ಹೋಗುವಾಗ ಜೇಬಿಗೆ ದುಡ್ಡು ತುರುಕಲು ಬಂದ. ಕೈ ಹಿಡಿದು ವಾಪಸು ಕೊಟ್ಟೆ. ಕೆಟ್ಟವನಲ್ಲ ಅವನು. ದೇವಸ್ಥಾನದ ಬಾಗಿಲಲ್ಲಿ ಕೂತವರನ್ನು ನೋಡಿ ಕಲಿತದ್ದನ್ನೇ ನನ್ನ ಹತ್ತಿರವೂ ಮಾಡಿದ. ಗಂಡಸರನ್ನು ಬಯಸುವ ಗಂಡಸರೂ ನಮ್ಮ ಅತ್ತೆಯಂದಿರ ಮನೆಯಲ್ಲೇ ಬೆಳೆದವರು ತಾನೇ.

ಭೇಟಿಯಾಗುವುದೆಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ಕಾಸರಕೋಡಿನಿಂದ ಧಾರೇಶ್ವರದವರೆಗೆ ಕಡಲಂಚಿಗೆ ಗಾಳಿಮರದ ತೋಪುಗಳಿವೆ. ಬೇರೆಯವರು ಕತ್ತಲಾದ ಮೇಲೆ ಅಲ್ಲಿಗೆ ಹೋಗುತ್ತಿದ್ದರು. ಟಾರ್ಚಿನ ಬೆಳಕು ಬಿದ್ದರೆ ಓಡಿಬಿಡುತ್ತಿದ್ದರು. ನಾನು ಓಡಲಾರೆ. 377ರ ಭಯ ಎಲ್ಲರಿಗೂ ಇತ್ತು, ಆದರೆ ಓಡಬಲ್ಲವನ ಭಯವೇ ಬೇರೆ, ಓಡಲಾರದವನ ಭಯವೇ ಬೇರೆ. ಸಿಕ್ಕಿಬೀಳುವವನು ನಾನೊಬ್ಬನೇ ಎಂದು ಗೊತ್ತಿದ್ದೇ ಪ್ರತಿ ಸಲ ಮನೆಯಿಂದ ಹೊರಡಬೇಕಿತ್ತು. ಲಾಡ್ಜುಗಳ ಕೋಣೆಗಳು ಮೇಲಿನ ಮಾಳಿಗೆಯಲ್ಲಿ, ಲಿಫ್ಟಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಓದಿ ಸಂತೋಷಪಟ್ಟೆ. ಆದರೆ ಖಾಸಗಿತನಕ್ಕೆ ಒಂದು ಬಾಗಿಲು ಬೇಕು, ಆ ಬಾಗಿಲಿನವರೆಗೆ ನಾನು ನಡೆದು ಮುಟ್ಟುವಂತಿರಬೇಕು. ಎತ್ತಿಕೊಂಡು ಹೋಗಿ ಬಿಡುವವರು ಜೊತೆಗೆ ಬಂದರೆ ಅದು ಖಾಸಗಿಯಾಗಿ ಉಳಿಯುವುದಿಲ್ಲ.

ಭಟ್ಕಳದವನೊಬ್ಬ ಸಿಕ್ಕಿದ್ದು ಈ ತೀರ್ಪಿಗೂ ಕೆಲವು ವರ್ಷ ಮೊದಲು. ಮನೆಯಲ್ಲಿ ನವಾಯತಿ ಮಾತಾಡುವವನು, ದುಬೈಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದವನು. ಅವನ ಬಗ್ಗೆ ಹೆಚ್ಚು ಹೇಳುವ ಹಕ್ಕು ನನಗಿಲ್ಲ. ಮೊದಲ ಭೇಟಿಗೆ ಮುರ್ಡೇಶ್ವರವನ್ನು ಆರಿಸಿದವನು ಅವನೇ: ಪ್ರವಾಸಿಗಳ ಗದ್ದಲದಲ್ಲಿ ಇಬ್ಬರು ಗಂಡಸರನ್ನು ಯಾರು ಕೇಳುತ್ತಾರೆ? ಜೊತೆಗೆ, ಅಲ್ಲಿನ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ ಎಂದು ವಿಚಾರಿಸಿಟ್ಟುಕೊಂಡೇ ಬಂದಿದ್ದ. ಎತ್ತರದಿಂದ ಕಡಲು ನೋಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ನನ್ನ ಕಾಲಿಗೆ ಸಲ್ಲುವ ಎತ್ತರವನ್ನು ಹುಡುಕಿಟ್ಟು ಕರೆದೊಯ್ದವನನ್ನು ಪ್ರೀತಿಸದೆ ಇರುವುದು ಹೇಗೆ?

ಇನ್ನೊಂದು ಸಂಜೆ ಕಾಸರಕೋಡಿನ ದಂಡೆಯಲ್ಲಿ ನಡೆದೆವು. ಒಣ ಮರಳಿನಲ್ಲಿ ಕ್ಯಾಲಿಪರಿನ ಬೂಟು ಹೂತುಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಅಲೆ ಬಿಟ್ಟುಹೋದ ಹಸಿ ಮರಳು ಮಾತ್ರ ಗಟ್ಟಿ. ಅದನ್ನು ಅವನೇ ಗಮನಿಸಿ, ನನ್ನನ್ನು ಹಸಿ ಬದಿಗೆ ಬಿಟ್ಟು ತಾನು ಮೆತ್ತನೆಯ ಬದಿಯಲ್ಲಿ ನಡೆದ. ಕೂರಲು ಹೋದಾಗ ಮರಳು ಸಿಕ್ಕಿ ಒಂದು ಬದಿಯ ಉಂಗುರ ಮೇಲೇಳಲಿಲ್ಲ. ಅವನು ಕರವಸ್ತ್ರದ ತುದಿಯನ್ನು ಬಾಯಿಯಲ್ಲಿ ಒದ್ದೆ ಮಾಡಿ, ಹುರಿಮಾಡಿ, ಉಂಗುರ ಮತ್ತು ಪಟ್ಟಿಯ ನಡುವಿನ ಸಂದಿಗೆ ತೂರಿಸಿ, ಹರಳು ಹರಳಾಗಿ ಮರಳು ತೆಗೆದ. ಅವಸರವೇ ಇರಲಿಲ್ಲ ಅವನಿಗೆ. ಉಂಗುರ ಸರಿದಾಗ ನನ್ನ ಮುಖ ನೋಡಿ, 'ಎಲ್ಲಿ ಮುಟ್ಟಿದರೆ ನಿನಗೆ ಇಷ್ಟ?' ಎಂದು ಕೇಳಿದ. ಅಲ್ಲಿಯವರೆಗೆ ಬಂದವರೆಲ್ಲ ಎಲ್ಲಿ ನೋವಾಗುತ್ತದೆ ಎಂದು ಕೇಳಿದ್ದರು. ನಾನು ಎಡಗಾಲಿನ ಮೀನಖಂಡ ತೋರಿಸಿದೆ.

ಕೆಲವು ವರ್ಷ ಹಾಗೆ ನಡೆಯಿತು. ಈದಿಗೆ ಶಾವಿಗೆ ಬಿರಿಯಾನಿ ಡಬ್ಬಿಯಲ್ಲಿ ಬರುತ್ತಿತ್ತು, ಚೌತಿಗೆ ನಮ್ಮ ಮನೆಯ ಚಕ್ಕುಲಿ ಭಟ್ಕಳದ ಬಸ್ಸು ಹತ್ತುತ್ತಿತ್ತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ, ಕುಮಟಾದಲ್ಲಿ, ಘಟ್ಟದ ಮೇಲೆ ಶಿರಸಿಯಲ್ಲಿ ಕೋಮು ಗಲಭೆಯಾಯಿತು. ಕಲ್ಲು ಬಿದ್ದವು, ವಾಹನಗಳು ಉರಿದವು, ಬಸ್ಸು ನಿಂತವು. 1993ರ ಭಟ್ಕಳದ ಗಲಭೆಯನ್ನು ಕಂಡಿದ್ದ ಅವನ ಮನೆಯವರು ಮಗನನ್ನು ಮತ್ತೆ ಕೊಲ್ಲಿಗೆ ಕಳಿಸಲು ಗಡಿಬಿಡಿ ಮಾಡಿದರು. ನಮ್ಮ ಗೆಳೆತನ ಯಾರ ಕಣ್ಣಿಗಾದರೂ ಬಿದ್ದರೆ, ಗಂಡು ಗಂಡು ಎಂಬುದಕ್ಕೂ ಮೊದಲು ಹಿಂದೂ-ಮುಸ್ಲಿಂ ಎಂಬುದು ಸುದ್ದಿಯಾಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ವಿಮಾನ ನಿಲ್ದಾಣದಿಂದ ಫೋನು ಮಾಡಿ, ಮಳೆಗಾಲಕ್ಕೆ ಮೊದಲು ಬೆಲ್ಟು ಬದಲಾಯಿಸಿಕೋ ಎಂದ. ನಮ್ಮನ್ನು ಬೇರೆ ಮಾಡಿದ್ದು ನನ್ನ ಕಾಲಲ್ಲ, 377 ಅಲ್ಲ. ಈ ಕರಾವಳಿಯ ಮೇಲೆ ನನಗಿರುವ ಸಿಟ್ಟು ಇದೊಂದೇ, ಅದು ಇನ್ನೂ ಆರಿಲ್ಲ.

ಮುಂದಿನ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಕೊಲ್ಲಿಯಿಂದ ಒಂದು ಹೃದಯದ ಚಿತ್ರ ಬಂತು. ಅವನಿರುವ ದೇಶದಲ್ಲಿ ಅದು ಈಗಲೂ ಅಪರಾಧವೇ.

ಆ ಹೊತ್ತಿಗೆ ಮನೆಯಲ್ಲಿ ಇದ್ದಕ್ಕಿದ್ದಂತೆ ನನ್ನ ಮದುವೆಯ ಮಾತು ಎದ್ದಿತು. ಅಪ್ಪ ತೀರಿಕೊಂಡಿದ್ದರು, ಅಣ್ಣನ ಸಂಸಾರ ಬೇರೆಯಾಗಿತ್ತು. ಅಂಗವಿಕಲರನ್ನು ಮದುವೆಯಾಗುವವರಿಗೆ ರಾಜ್ಯ ಸರ್ಕಾರದ್ದು 50,000 ರೂಪಾಯಿ ಪ್ರೋತ್ಸಾಹಧನವಿದೆ. ಸಂಬಂಧಿಕರೊಬ್ಬರು ಆ ಯೋಜನೆಯ ವಿವರವನ್ನೂ ಬಡವರ ಮನೆಯ ಹುಡುಗಿಯೊಬ್ಬಳ ಫೋಟೊವನ್ನೂ ಒಟ್ಟಿಗೇ ತಂದರು. 'ಅಮ್ಮನ ಕಾಲ ಮುಗಿದ ಮೇಲೆ ನಿನ್ನ ನೋಡ್ಕಳ್ಳೂಕೆ ಒಬ್ಬಳು ಬೇಕಲ್ಲ ತಮಾ.' ಆ ಯೋಜನೆಯಿಂದ ಚೆಂದದ ಸಂಸಾರಗಳು ಕಟ್ಟಿಕೊಂಡಿರಬಹುದು. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆ ಫೋಟೊದ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಅವಳಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ, ನನಗೆ ಏನು ಬೇಕೆಂದೂ ಕೇಳಲಿಲ್ಲ. ಅವಳನ್ನು ನನ್ನ ಕಾಲು ಒರೆಸುವ ಕೆಲಸಕ್ಕೆ ಗೊತ್ತುಮಾಡುತ್ತಿದ್ದರು.

ಅಂದು ರಾತ್ರಿ ಅಮ್ಮನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತು ಬೆಲ್ಟಿಗೆ ಎಣ್ಣೆ ಹಚ್ಚುತ್ತಿದ್ದಳು. ನನಗೆ ಹೆಂಗಸರ ಮೇಲೆ ಮನಸ್ಸಾಗುವುದಿಲ್ಲ, ಗಂಡಸರ ಮೇಲೆ ಆಗುತ್ತದೆ, ಒಬ್ಬನನ್ನು ಪ್ರೀತಿಸಿದ್ದೆ, ಅವನು ಊರು ಬಿಟ್ಟ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳ ಕೈ ನಿಂತಿತು. 'ನಿಂಗೆ ಅದೆಲ್ಲಾ ಆಗ್ತದಾ?' ಎಂದಳು. ಗಂಡಸರ ವಿಷಯ ಅವಳ ತಲೆಗಿನ್ನೂ ಹೋಗಿರಲಿಲ್ಲ. ತನ್ನ ಮಗನಿಗೆ ಬಯಕೆ ಎಂಬುದಿದೆ ಎಂಬಲ್ಲೇ ಅವಳು ನಿಂತುಬಿಟ್ಟಿದ್ದಳು. ಎರಡು ವರ್ಷದವನಿದ್ದಾಗಿನಿಂದ ತೊಳೆದು, ಒರೆಸಿ, ತೊಡಿಸಿದ ಈ ದೇಹದಲ್ಲಿ ತನಗೆ ಗೊತ್ತಿಲ್ಲದ್ದೂ ಒಂದಿದೆ ಎಂದು ಅವಳಿಗೆ ತಿಳಿದದ್ದು ಆವತ್ತೇ. 'ಆಗ್ತದೆ ಅಮ್ಮಾ' ಎಂದೆ. ಬಹಳ ಹೊತ್ತಿನ ಮೇಲೆ, 'ಹಂಗಾರೆ ಆ ಹುಡುಗಿಯ ಬಾಳು ಹಾಳು ಮಾಡೂದು ಬ್ಯಾಡ' ಎಂದು ಫೋಟೊವನ್ನು ಪಂಚಾಂಗದೊಳಗಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಗಂಡಸರ ವಿಷಯಕ್ಕೆ ಅಳು, ಹರಕೆ, ಇಡಗುಂಜಿ ಗಣಪತಿಯ ಮುಂದೆ ಕಣ್ಣೀರು ಎಲ್ಲ ಆಮೇಲೆ ಬಂತು. ಮರುದಿನದಿಂದ ಕ್ಯಾಲಿಪರಿಗೆ ನಾನೇ ಎಣ್ಣೆ ಹಚ್ಚಿಕೊಳ್ಳುತ್ತೇನೆ ಎಂದೆ, ಅವಳು ಒಪ್ಪಿದಳು. ನಾನೂ ಬಯಕೆಯುಳ್ಳ ಗಂಡಸು ಎಂದು ನನ್ನ ಮನೆಯಲ್ಲಿ ಒಬ್ಬರಾದರೂ ಒಪ್ಪಿಕೊಂಡರಲ್ಲ, ಅದಕ್ಕೇ ಮನಸ್ಸು ಹಗುರಾಗಿತ್ತು.

ಈಗ ಕುಮಟಾದಲ್ಲಿದ್ದೇನೆ. ಜೊತೆಗಿರುವವನು ಹೆಗಡೆ ಎಂಬ ಊರಿನ ಕಡೆಯವನು, ಮೋಟಾರು ಪಂಪು ರಿಪೇರಿ ಮಾಡುತ್ತಾನೆ. ಆ್ಯಪಿನಲ್ಲಿ ಸಿಕ್ಕವನಲ್ಲ, ನನ್ನ ಕ್ಯಾಲಿಪರಿನ ಸ್ಕ್ರೂ ಸಡಿಲವಾಗಿ, ಬಿಗಿ ಮಾಡಿಸಲು ಅವನ ಅಂಗಡಿಗೆ ಹೋಗಿದ್ದೆ. ಜಗಳವಾಡುತ್ತೇವೆ, ಮುಖ್ಯವಾಗಿ ಮೀನು ಯಾರು ಕೊಯ್ಯಬೇಕು ಎಂಬುದಕ್ಕೆ. ಅವನಿಗೆ ದಮ್ಮು ಇದೆ. ಮಳೆಗಾಲದ ರಾತ್ರಿಗಳಲ್ಲಿ ಎದ್ದು ಕೂತು ಅವನ ಬೆನ್ನು ನೀವುವವನು ನಾನು. ಆದರೆ ನೆರೆಹೊರೆಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಅವನು ನನ್ನನ್ನು ನೋಡಿಕೊಳ್ಳಲು ಇದ್ದಾನೆ ಎಂಬುದೇ ಎಲ್ಲರ ನಂಬಿಕೆ. ಮತ್ತೆ ಅದೇ ಕ್ಯಾಲಿಪರ್, ಅದೇ ಮರೆ.

2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮರುವರ್ಷ ಆಗಸ್ಟಿನಲ್ಲಿ, ಇಂಥ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಇಲಾಖೆ ಸ್ಪಷ್ಟಪಡಿಸಿತು. ಆ ಸುತ್ತೋಲೆಯನ್ನು ಪ್ರಿಂಟು ಹಾಕಿಸಿಕೊಂಡು ಖಾತೆ ತೆರೆದೆವು. ಬಾಡಿಗೆ ಕರಾರನ್ನೂ ಇಬ್ಬರ ಹೆಸರಿಗೆ ಮಾಡಿಸೋಣ ಎಂದವನು ಅವನು.

ಪಕ್ಕದ ಮನೆಯ ಅಕ್ಕ ಅವನಿಗೆ ಯಾವಾಗಲೂ ಒಂದು ಮಾತು ಹೇಳುತ್ತಿದ್ದಳು: 'ನಿಂಗೆ ಪುಣ್ಯ ಬತ್ತದೆ ನೋಡು, ಅಂವನ ಇಷ್ಟು ಚಲೋ ನೋಡ್ಕತ್ಯಲ್ಲ.' ಈ ಸಲದ ಕರಾರಿಗೆ ಸಾಕ್ಷಿ ಸಹಿ ಬೇಕಾಗಿ ಅವಳ ಮನೆಗೆ ಹೋದೆವು. ಅಂಗಳದಲ್ಲಿ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲು ಹೆಣೆಯುತ್ತಿದ್ದವಳು ಮತ್ತೆ ಅದೇ ಮಾತು ತೆಗೆದಳು. ಅವನು, 'ಪುಣ್ಯಕ್ಕಲ್ಲ ಅಕ್ಕಾ. ನಂಗೆ ಅಂವ ಬೇಕು, ಅದ್ಕೇ ಇದ್ದೆ' ಎಂದ. ನಾನು ಸುಮ್ಮನಿರಲಾರದೆ, 'ನಂಗೂ ಇಂವ ಬೇಕು' ಎಂದೆ. ಅಕ್ಕ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಎಷ್ಟು ಅರ್ಥವಾಯಿತೋ, ಏನಂದುಕೊಂಡಳೋ ಕೇಳಲಿಲ್ಲ. ಕೈಯ ಸಿಪ್ಪೆ ಒರೆಸಿಕೊಂಡು ಪೆನ್ನು ತೆಗೆದುಕೊಂಡು, ಎರಡು ಹೆಸರುಗಳನ್ನೂ ಬೆರಳಿಟ್ಟು ಓದಿ, ಕೆಳಗೆ ಸಹಿ ಮಾಡಿದಳು. ಇನ್ನೊಂದು ಸಾಕ್ಷಿಗೆ ತನ್ನ ಗಂಡನನ್ನು ಕೂಗಿ ಕರೆದಳು.